ಕುಣಿಯುವವರ ಪದಚೀಟಿ: ನಾಲ್ಕನೇ ಕಂತು

ಕುಣಿಯುವವರಿಗೆ ಬೇರೆ ಬೇರೆ ಭಾಷೆಗಳಲ್ಲಿರುವ ಹೆಸರುಗಳನ್ನು ಒಂದೊಂದು ಚೀಟಿಗೆ ಬರೆದಿಡುವ ಧಾರವಾಡದ ಚೀಟಿಪೆಟ್ಟಿಗೆಯಲ್ಲಿ ಈಗ 184 ಚೀಟಿಗಳಿವೆ. ಶಾಯಿಗೆ ಬಂದದ್ದು 141, ಇನ್ನೂ ಪೆನ್ಸಿಲ್ಲಿನಲ್ಲೇ ಇರುವುದು 43. ಈ ಸಲ ಹೊಸದಾಗಿ ಸೇರಿದ್ದಕ್ಕಿಂತ ತಿದ್ದಿದ್ದೇ ಹೆಚ್ಚು. ಮೊದಲೆರಡು ಕಂತುಗಳಲ್ಲಿ ಕನ್ನಡ ಅರ್ಥದ ಸಾಲಿಗೆ ಸಾರಾಸಗಟಾಗಿ ‘ನರ್ತಕಿ’ ಎಂದು ತುಂಬಿದ್ದ ಚೀಟಿಗಳನ್ನೆಲ್ಲ ಹೊರತೆಗೆದು ಮತ್ತೆ ಬರೆಯಲಾಯಿತು. ಹಾಗೆ ತುಂಬಿದರೆ, ಆ ಪದ ತನ್ನ ಊರಲ್ಲಿ ಯಾವುದನ್ನು ಹಿಡಿದು ಹುಟ್ಟಿತು ಎಂಬುದೇ ಮುಚ್ಚಿಹೋಗುತ್ತದೆ.

ಚೀಟಿಯ ಅಳತೆ 5×3 ಇಂಚು, ಸಾಲು ಆರು: ಪದ, ಭಾಷೆ, ಲಿಂಗ-ವಚನ, ಬಿಡಿಸಿದ ಅರ್ಥ, ಮೂಲಧಾತು, ಕನ್ನಡದ ಸಮಪದ. ಆರನೆಯ ಸಾಲನ್ನು ಕೊನೆಗೇ ಬರೆಯಬೇಕು, ಅದೂ ಪೆನ್ಸಿಲ್ಲಿನಿಂದ. ಎರಡು ನಿಘಂಟು ಒಪ್ಪಿದ ಮೇಲೆ ಶಾಯಿ.

ನಾಲ್ಕನೆಯ ಸಾಲು ತುಂಬುತ್ತ ಹೋದಂತೆ ಒಂದು ಮಾತು ಸ್ಪಷ್ಟವಾಯಿತು. ಕುಣಿಯುವವರ ಹೆಸರಿನಲ್ಲಿ ಎಷ್ಟೋ ಸಲ ಕುಣಿತವೇ ಇರುವುದಿಲ್ಲ. ಕೊನ್ಯಾದಲ್ಲಿ ಗರಗರ ಸುತ್ತುವ ಮೆವ್ಲೆವಿ ಎಂಬ ಸೂಫಿ ಪಂಥದ ದರವೇಶಿಗೆ ತುರ್ಕಿಯಲ್ಲಿ ‘ಸೆಮಾಜೆನ್’ ಎನ್ನುತ್ತಾರೆ. ಸೆಮಾ ಎಂದರೆ ಅರಬ್ಬಿಯ ಸಮಾ, ‘ಕೇಳುವಿಕೆ’. ಕಾಲು ಸುತ್ತುತ್ತದೆ, ಹೆಸರು ಕಿವಿಯದು. ಈಜಿಪ್ಟಿನ ‘ಆಲಿಮಾ’ ಎಂದರೆ ಓದಿಕೊಂಡವಳು. ಹುಬ್ಬಳ್ಳಿಯಲ್ಲಿ ಉರ್ದು ಬಲ್ಲವರಿಗೆ ‘ಆಲಿಮ್’ ಹೊಸದಲ್ಲ, ಧಾತು ಅದೇ. ಈ ಆಲಿಮಾ ಹಾಡು-ಕವಿತೆ ಬಲ್ಲ ಕಲಾವಿದೆ. ಯುರೋಪಿನ ಪ್ರವಾಸಿಗರು ಬರೀ ಕುಣಿಯುವವರೆಂದು ಬರೆದು ಅರ್ಥ ಕಿರಿದಾಯಿತು. ಕಥಕ ಎಂದರೆ ಕಥೆ ಹೇಳುವವ. ನಮ್ಮ ಪುರವಂತರು ವೀರಭದ್ರನ ಕಥೆಯ ಒಡಪು ಹೇಳುತ್ತಲೇ ಕುಣಿಯುವುದರಿಂದ ಆ ಚೀಟಿಯ ಹಿಂಬದಿಯಲ್ಲಿ ಅವರ ಹೆಸರನ್ನೂ ಬರೆದಿಟ್ಟಿದೆ. ತುರ್ಕಿಯ ‘ಚೆಂಗಿ’ಯನ್ನು ಸಾಮಾನ್ಯವಾಗಿ ‘ಚೆಂಗ್’ ಎಂಬ ತಂತಿವಾದ್ಯದಿಂದ ಬಿಡಿಸುತ್ತಾರೆ. ಡೊಳ್ಳು ಹೊತ್ತು ಕುಣಿಯುವವರನ್ನು ಹಾವೇರಿ ಕಡೆ ‘ಡೊಳ್ಳಿನವರು’ ಅನ್ನುವ ಹಾಗೆ. ಒಡಿಶಾದ ‘ಗೋಟಿಪುಅ’ದಲ್ಲಿ ಗೋಟಿ ಎಂದರೆ ಒಂದು, ಪುಅ ಎಂದರೆ ಹುಡುಗ. ಕೂಚಿಪುಡಿ ಊರಿನ ಹೆಸರು, ಅಲ್ಲಿಗೆ ಮುಗಿಯಿತು.

ಈ ಕಂತಿನಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಸ್ಪೇನಿನ ಫ್ಲಾಮೆಂಕೊ ಕುಣಿತದ ಚೀಟಿ. ಸ್ಪ್ಯಾನಿಷ್‌ನಲ್ಲಿ ಬ್ಯಾಲೆ ಮಾಡುವವಳು ‘ಬೈಲರೀನಾ’. ಫ್ಲಾಮೆಂಕೊ ಕುಣಿಯುವವಳು ‘ಬೈಲಾಓರಾ’, ಗಂಡಸಾದರೆ ‘ಬೈಲಾಓರ್’. ಮೂಲ ರೂಪ ಬೈಲಾದೋರ್. ದಕ್ಷಿಣ ಸ್ಪೇನಿನ ಆಂದಲೂಸಿಯಾದ ಆಡುಮಾತಿನಲ್ಲಿ ಎರಡು ಸ್ವರಗಳ ನಡುವಿನ ದಕಾರ ಬಿದ್ದುಹೋಗುತ್ತದೆ. ಹಾಡುವವನು ‘ಕಾಂತಾಓರ್’ ಆದದ್ದೂ ಹೀಗೆಯೇ. ಇಲ್ಲಿ ಎರಡು ತಪ್ಪು ನಡೆದವು. ಒಂದು ಬರವಣಿಗೆಯದು. ಕನ್ನಡದ ಕೈಗೆ ಸ್ವರದ ಪಕ್ಕ ಸ್ವರ ಸೇರದು, ತಾನಾಗಿಯೇ ವಕಾರ ಸೇರಿ ‘ಬೈಲಾವೋರಾ’ ಆಯಿತು. ಬಿದ್ದುಹೋದ ಅಕ್ಷರದ ಜಾಗ ಖಾಲಿ ಇರುವುದೇ ಆ ಪದದ ಗುರುತು, ಅಲ್ಲಿ ಸಂಧಿ ಮಾಡಬಾರದು. ಇನ್ನೊಂದು ಆರನೆಯ ಸಾಲಿನದು. ನರ್ತಕಿ ಎಂಬುದು ಗ್ರಂಥದ ಮಾತು, ಬೈಲಾಓರಾ ಬಾಯಿಮಾತು. ‘ಕುಣಿಯುವವಳು’ ನಮ್ಮಲ್ಲಿ ಸವೆದು ‘ಕುಣಿಯಾಕಿ’ ಆದ ಹಾಗೆ, ‘ಕುಣಿಯುವವನು’ ‘ಕುಣಿಯಾಂವ’ ಆದ ಹಾಗೆ ಅದೂ ಸವೆದು ನುಣುಪಾದದ್ದು. ಸಮಪದದ ಸಾಲಿನಲ್ಲಿ ಈಗ ‘ಕುಣಿಯಾಕಿ’ ಎಂದೇ ಇದೆ, ಶಾಯಿಯಲ್ಲಿ. ಇಡೀ ಪೆಟ್ಟಿಗೆಯಲ್ಲಿ ಇಷ್ಟು ಸರಿಯಾಗಿ ಕೂತ ಜೋಡಿ ಇನ್ನೊಂದಿಲ್ಲ.

ಅದೇ ಚೀಟಿಯ ಮೂಲೆಯಲ್ಲಿ ಕೆಂಪು ಚುಕ್ಕಿಯೂ ಇದೆ. ಕನ್ನಡದ ಹಾಗೆ ಕೇಳಿಸಿ ದಾರಿ ತಪ್ಪಿಸುವ ಪದಗಳಿಗೆ ಈ ಗುರುತು. ‘ಬೈಲಾ’ ಕೇಳಿದ ಕೂಡಲೇ ‘ಬೈಲಾಟ’ ನೆನಪಾಗುವುದು ಸಹಜ, ಆದರೆ ನಂಟಿಲ್ಲ. ಬೈಲಾಟದ ಬೈಲು ನಮ್ಮ ಬಯಲು. ಬೈಲಾರ್ ಎಂಬ ಕ್ರಿಯಾಪದ ಲ್ಯಾಟಿನ್ನಿನ ಬಲ್ಲಾರೆಯಿಂದ ಬಂದದ್ದು. ಶ್ರೀಲಂಕಾದ ಹಾಡು-ಕುಣಿತವಾದ ಬೈಲಾ ಮಾತ್ರ ನಿಜವಾಗಿ ಪೋರ್ಚುಗೀಸರು ಬಿಟ್ಟುಹೋದದ್ದು. ಹಿಂದಿಯ ‘ನಾಚ್’ ಸಂಸ್ಕೃತದ ನೃತ್ಯ ಪ್ರಾಕೃತದಲ್ಲಿ ಸವೆದು ಉಳಿದದ್ದು, ನಮ್ಮ ‘ನಾಚು’ ದ್ರಾವಿಡದ್ದು. ಜಪಾನಿನ ಕ್ಯೋಟೊದಲ್ಲಿ ಗೇಶಾ ಆಗಲು ಕಲಿಯುತ್ತಿರುವ ಹುಡುಗಿ ‘ಮೈಕೊ’; ಅದರಲ್ಲಿರುವ ಮೈ ಎಂದರೆ ಮೆಲ್ಲನೆಯ ಕುಣಿತ, ಕೊ ಎಂದರೆ ಕೂಸು, ನಮ್ಮ ‘ಮೈ’ಗೂ ಅದಕ್ಕೂ ಸಂಬಂಧವಿಲ್ಲ.

ಗ್ರೀಕಿನ ‘ಓರ್ಖೆಸ್ಟೆಸ್’ ಎಂದರೆ ಕುಣಿಯುವವ, ‘ಓರ್ಖೆಸ್ಟ್ರಾ’ ಅವನು ಕುಣಿಯುವ ನೆಲ. ಪದ ಮುಂದೆ ವಾದ್ಯಗಾರರ ಪಾಲಾಯಿತು. ಗಣಪತಿ ಹಬ್ಬಕ್ಕೆ ‘ಇವತ್ತ ಆರ್ಕೆಸ್ಟ್ರಾ ಐತಿ’ ಎಂದರೆ ನಮ್ಮ ಓಣಿಯಲ್ಲಿ ಹಾಡೂ ಇರುತ್ತದೆ, ಕುಣಿತವೂ ಇರುತ್ತದೆ. ಹಳೆಯ ಅರ್ಥ ಅರ್ಧವಾದರೂ ಇಲ್ಲಿ ಮರಳಿದೆ.

ನಮ್ಮ ಪದಗಳಲ್ಲಿ ತೊಡಕಿನದು ‘ಪಾತ್ರ’. ಹಳೆಯ ಶಾಸನಗಳಲ್ಲಿ ಪಾತ್ರ ಎಂದರೆ ದೇವಾಲಯದ ರಂಗದಲ್ಲಿ ಕುಣಿಯುವವಳು. ಇಂದು ದೊಡ್ಡಾಟದ ವೇಷವೂ ಪಾತ್ರ, ಅಡುಗೆಮನೆಯದೂ ಪಾತ್ರ. ಒಂದೇ ಚೀಟಿಯಲ್ಲಿ ತುರುಕಿದ್ದು ತಪ್ಪು; ಕಾಲ ನಮೂದಿಸಿ ಎರಡು ಚೀಟಿ ಮಾಡಿದೆ. ಕಲ್ಯಾಣ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ ನಟ, ನರ್ತಕ, ನರ್ತಕಿ, ವೈತಾಲಿಕ, ಚಾರಣ, ಕೊಲ್ಲಾಟಿಕ ಎಂದು ಆರು ಬಗೆ ಹೇಳುತ್ತದೆ. ಆರಕ್ಕೂ ಬೇರೆ ಬೇರೆ ಚೀಟಿ. ಹೆಸರುಗಳ ಖಾನೆಗೆ ಪಂಪನ ಆದಿಪುರಾಣದ (941) ದೇವನರ್ತಕಿ ನೀಲಾಂಜನೆ ಸೇರಿದಳು. ಪಂಪನ ತಾಯಿಯ ಕಡೆಯವರು ಅಣ್ಣಿಗೇರಿಯವರು, ಆದ್ದರಿಂದ ಆ ಚೀಟಿಗೆ ಧಾರವಾಡ ಜಿಲ್ಲೆಯ ಹಸಿರು ಅಂಚು. ಪಕ್ಕದಲ್ಲೇ ಗ್ರೀಕರ ಕುಣಿತದ ದೇವತೆ ಟೆರ್ಪ್ಸಿಖೊರೆ, ‘ಕುಣಿತದಲ್ಲಿ ಹಿಗ್ಗುವವಳು’.

ಕಂಪ್ಯೂಟರಿಗೆ ಏರಿಸುವಾಗ, ತುರ್ಕಿಯಲ್ಲಿ ಹೆಣ್ಣುವೇಷ ತೊಟ್ಟು ಕುಣಿಯುವ ಹುಡುಗನ ಹೆಸರಾದ ‘ಕೊಚೆಕ್’ ಎರಡೆರಡು ಸಲ ಕಾಣಿಸುತ್ತಿತ್ತು. ಕಾರಣ ಹೀಗೆ: ‘ಕೊಚೆಕ್‌ಗಳು’ ಎಂದು ಟೈಪಿಸುವಾಗ ಒತ್ತಕ್ಷರ ಆಗದಂತೆ ಕಣ್ಣಿಗೆ ಕಾಣದ ಒಂದು ಬಿಡಿಸುವ ಗುರುತು ನಡುವೆ ಬೀಳುತ್ತದೆ. ಆಮೇಲೆ ‘ಗಳು’ ಮಾತ್ರ ಅಳಿಸಿದರೆ ಆ ಗುರುತು ಪದದ ಬಾಲಕ್ಕೆ ಉಳಿದು, ಎಕ್ಸೆಲ್ ಅದನ್ನು ಬೇರೆ ಪದವೆಂದು ಎಣಿಸುತ್ತದೆ. ಪದವನ್ನು ಪೂರ್ತಿ ಅಳಿಸಿ ಹೊಸದಾಗಿ ಹೊಡೆಯುವುದೇ ಸುಲಭ. ಅರಬ್ಬಿಯ ‘ಅವಾಲಿಮ್’, ‘ಘವಾಜಿ’ (ಈಜಿಪ್ಟಿನ ಬೀದಿಯಲ್ಲಿ ಕುಣಿಯುವವರು) ಆಗಲೇ ಬಹುವಚನ, ‘ಗಳು’ ಹಚ್ಚಬೇಡಿ. ಏಕವಚನ ಆಲಿಮಾ, ಘಾಜಿಯಾ.

ಮುಂದಿನ ಸರದಿ ಹವಾಯಿಯ ಹುಲಾದ್ದು. ಕುಣಿಯುವವರು ‘ಓಲಪ’, ಕೂತು ಹಾಡಿ ತಾಳ ಹಾಕುವವರು ‘ಹೊಓಪಅ’. ಓಲಪ ಅಲ್ಲಿಯ ಒಂದು ಮರದ ಹೆಸರೂ ಹೌದು, ಗಾಳಿಗೆ ಎಲೆ ಪಟಪಟ ಅಲುಗುವ ಮರ. ಪದದ ಮೊದಲಿಗೆ ಗಂಟಲಲ್ಲಿ ತಡೆದು ಬಿಡುವ ಒಂದು ವ್ಯಂಜನವಿದೆ, ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ. ಸದ್ಯ ಮೇಲೊಂದು ಸಣ್ಣ ಗೀಟು ಎಳೆದು, ಪೆನ್ಸಿಲ್ಲಿನಲ್ಲಿ ಬಿಟ್ಟಿದೆ.