ಒಂದು ಹರಳು, ಒಂದು ವರ್ಷ: ನನ್ನ ಕ್ಸೆನಾನ್ ಲೆಕ್ಕ ಎಲ್ಲಿಗೆ ಬಂತು

ಇಂಥ ಮಳೆಯಲ್ಲಿ ಮುಲುಂಡ್ ಬಿಟ್ಟು ಹೋಗೋದೆಲ್ಲಿಗೆ? ಭಾನುವಾರ ಪೂರ್ತಿ ಲ್ಯಾಪ್‌ಟಾಪ್ ಮುಂದೆ ಕೂತೆ. ಹೊಸದಾಗಿ ಓದುವವರಿಗೆ: ರಿಯಾಕ್ಟರಿನ ಇಂಧನದೊಳಗೆ ಹುಟ್ಟುವ ಅನಿಲ ಹೇಗೆ ಹೊರಗೆ ಬರುತ್ತದೆ ಅಂತ ಪೈಥಾನ್‌ನಲ್ಲಿ ಲೆಕ್ಕ ಹಾಕುತ್ತಿದ್ದೇನೆ. ಸುಮ್ನೆ ಹವ್ಯಾಸಕ್ಕೆ. ಮುಂಬೈಯ ಎಲಿಫೆಂಟಾ ದೋಣಿಯಿಂದ ಟ್ರಾಂಬೆ ರಿಯಾಕ್ಟರಿನ ಗುಮ್ಮಟ ನೋಡಿದ್ದು ಬಿಟ್ಟರೆ ನಾನು ರಿಯಾಕ್ಟರಿನ ಹತ್ತಿರವೂ ಸುಳಿದವನಲ್ಲ.

100 ವಿದಳನ ಆದರೆ, ಅಂದರೆ 100 ಯುರೇನಿಯಂ ಪರಮಾಣು ಒಡೆದರೆ, ಸುಮಾರು 30 ಅನಿಲ ಪರಮಾಣು ಹುಟ್ಟುತ್ತವೆ. ಹೆಚ್ಚಿನವು ಕ್ಸೆನಾನ್, ಉಳಿದವು ಕ್ರಿಪ್ಟಾನ್. ಯಾರ ಜೊತೆಗೂ ಸೇರದ ಜಾತಿ. ಇಂಧನದ ಪೆಲೆಟ್ ಅಂದರೆ ಯುರೇನಿಯಂ ಡೈಆಕ್ಸೈಡಿನ ಪುಟ್ಟ ಹರಳುಗಳ ಗಟ್ಟಿ. ನಾನು ಒಂದೇ ಒಂದು ಹರಳನ್ನು ತೆಗೆದುಕೊಂಡು, ಅದು 5 ಮೈಕ್ರಾನ್ ತ್ರಿಜ್ಯದ ಗುಂಡು ಅಂದುಕೊಂಡೆ. 1957ರಲ್ಲಿ ಕೆನಡಾದ ವಿಜ್ಞಾನಿ ಬೂತ್ ಹಾಕಿಕೊಟ್ಟ ದಾರಿ ಇದು.

ಮೊದಲ ಎರಡು ವಾರ ಒಂದು ದಡ್ಡ ತಪ್ಪಿಗೆ ಹೋಯಿತು. ಗುಂಡನ್ನು ಈರುಳ್ಳಿಯ ಹಾಗೆ 10 ಸಮ ದಪ್ಪದ ಪದರ ಮಾಡಿದ್ದೆ. ಬೂತ್ ಸೂತ್ರದ ಉತ್ತರಕ್ಕೂ ನನ್ನ ಉತ್ತರಕ್ಕೂ ತಾಳೆಯೇ ಇಲ್ಲ. ಆಮೇಲೆ ಹೊಳೆಯಿತು: ತೀರಾ ಹೊರಗಿನ ಆ ಒಂದು ಪದರದಲ್ಲೇ ಗುಂಡಿನ ಗಾತ್ರದ 27% ಇದೆ! ಮೊದಲು ಹೊರಬೀಳುವ ಅನಿಲವೂ ಅಲ್ಲಿಯದೇ. ಅಂಚಿನಲ್ಲಿ ಪದರ ತೆಳ್ಳಗೆ ಮಾಡಿದೆ, ಸರಿಹೋಯಿತು.

ಇನ್ನು ಅಸಲಿ ಗೋಳು. 1200 ಡಿಗ್ರಿ ಸೆಲ್ಸಿಯಸ್, ಒಂದು ವರ್ಷ. ಪರಮಾಣುಗಳು ಹರಳಿನೊಳಗೆ ಅಲೆಯುತ್ತಾ ಹರಡುವ ವೇಗಕ್ಕೆ (ಡಿಫ್ಯೂಷನ್) ಟರ್ನ್‌ಬುಲ್ ಅನ್ನುವವರ ಸೂತ್ರ ಹಾಕಿದೆ. ಹುಟ್ಟಿದ ಅನಿಲದಲ್ಲಿ 60%ಕ್ಕಿಂತ ಜಾಸ್ತಿ ಹೊರಗೆ ಬಂದಿದೆ ಅಂತ ಕೋಡ್ ಹೇಳಿತು. ಖುಷಿಯಲ್ಲಿ ನಾರ್ವೆಯ ಹಾಲ್ಡೆನ್ ರಿಯಾಕ್ಟರಿನ ಪ್ರಯೋಗಗಳಿಂದ ಬಂದ ಗೆರೆಗೆ ಹೋಲಿಸಿದೆ. ಒಂದು ವರ್ಷ ಹೀಗೆ ಉರಿದ ಇಂಧನದಲ್ಲಿ 1% ಅನಿಲ ಹೊರಬರಬೇಕಾದರೂ ಪೆಲೆಟ್‌ನ ನಡುಭಾಗ ಸುಮಾರು 1270 ಡಿಗ್ರಿ ಮುಟ್ಟಬೇಕು. ನನ್ನ 1200ಕ್ಕೆ ಅಷ್ಟೂ ಬರಬಾರದು. ಖುಷಿ ಅಲ್ಲಿಗೇ ಇಳಿಯಿತು.

ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಪರಿಚಯವಾದ ನಿವೃತ್ತ ಫಿಸಿಕ್ಸ್ ಮೇಷ್ಟ್ರಿಗೆ ಫೋನ್ ಮಾಡಿದೆ. "ಅಲ್ಲಪ್ಪಾ, ಹರಳಿನ ಅಂಚಿಗೆ ಬಂದದ್ದೆಲ್ಲ ಪೆಲೆಟ್ ಬಿಟ್ಟು ಹೋಯಿತು ಅಂತ ನಿನಗೆ ಯಾರು ಹೇಳಿದ್ದು?" ಅಂದರು. ನಿಜ, ಯಾರೂ ಹೇಳಿರಲಿಲ್ಲ. ಅಂಚಿನಲ್ಲಿ ಅನಿಲ ಮಸೂರದ ಆಕಾರದ ಗುಳ್ಳೆಗಳಾಗಿ ಕೂರುತ್ತದೆ. ಗುಳ್ಳೆಗಳು ಬೆಳೆದು, ಒಂದಕ್ಕೊಂದು ಕೂಡಿ, ಸುರಂಗ ಆಗುವವರೆಗೂ ಹೊರದಾರಿ ಇಲ್ಲ.

ಸರಿ, ಅಂಚಿನಲ್ಲಿ ಗೋದಾಮು ಕಟ್ಟಿದೆ. ಚದರ ಮೀಟರಿಗೆ 10ರ ಘಾತ 19 ಪರಮಾಣು ಹಿಡಿಯುವಂಥದ್ದು. ಒಂದೂವರೆ ತಿಂಗಳಲ್ಲೇ ತುಂಬಿ ತುಳುಕಿತು. ವರ್ಷದ ಕೊನೆಗೆ ಮತ್ತೆ ಅದೇ ಸೋರಿಕೆ.

ನಾನು ಬಿಟ್ಟಿದ್ದ ಇನ್ನೊಂದು ಸಂಗತಿ ಹರಳಿನ ಒಳಗೇ ಇತ್ತು. ಅಲೆಯುವ ಪರಮಾಣುಗಳನ್ನು ದಾರಿಯಲ್ಲೇ ಒಂದೆರಡು ನ್ಯಾನೊಮೀಟರ್‌ನ ಗುಳ್ಳೆಗಳು ಹಿಡಿದುಹಾಕುತ್ತವೆ. ಪಕ್ಕದಲ್ಲೇ ವಿದಳನ ಆಗಿ ಒಡೆದ ಪರಮಾಣುವಿನ ಚೂರು ಹಾರಿ ಬಂದರೆ ಗುಳ್ಳೆ ಒಡೆದು ಅನಿಲ ಮತ್ತೆ ಹರಳಿನೊಳಗೆ. ಅಂಚಿನ ಗುಳ್ಳೆಗೂ ಇದೇ ಗತಿ. ಸಂಜೆ ಲೋಕಲ್ ರೈಲಿನಲ್ಲಿ ದಾದರ್‌ಗೆ ಇಳಿಯೋಣ ಅಂತ ಬಾಗಿಲವರೆಗೂ ಬಂದವರನ್ನು ಹತ್ತುವವರು ಒಳಕ್ಕೇ ದಬ್ಬಿಕೊಂಡು ಹೋಗ್ತಾರಲ್ಲ, ಹಾಗೆ. ನಮಗೆ ಬಾಗಿಲು ಎಲ್ಲಿದೆ ಅಂತಾದರೂ ಗೊತ್ತಿರುತ್ತದೆ. ಕ್ಸೆನಾನ್‌ಗೆ ಅದೂ ಇಲ್ಲ, ಸುಮ್ನೆ ತಡವರಿಸುತ್ತಾ ಹೋಗುವುದು.

ಒಳಗಿನ ಗುಳ್ಳೆಗಳಿಗೆ ಎರಡು ದರ ಸಾಕು: ಸಿಕ್ಕಿಬೀಳುವುದು, ಬಿಡಿಸಿಕೊಳ್ಳುವುದು. ಬಿಡಿಸಿಕೊಳ್ಳುವ ದರವನ್ನು ಎರಡರ ಮೊತ್ತದಿಂದ ಭಾಗಿಸಿ ಡಿಫ್ಯೂಷನ್ ಅಂಕಿಗೆ ಗುಣಿಸಿದರೆ ಆಯಿತು. ಆ ಸಾಲು ನಿನ್ನೆ ರಾತ್ರಿ ಸೇರಿಸಿದೆ, ಓಡುತ್ತಿದೆ. ಅಂಚಿನಿಂದ ವಾಪಸ್ ದಬ್ಬುವ ಭಾಗ ಇನ್ನೂ ಬರೆದಿಲ್ಲ. ಅದಾದ ಮೇಲೆ ಪೆಲೆಟ್ ಮತ್ತು ಅದನ್ನು ತುಂಬಿಟ್ಟ ಕೊಳವೆಯ ನಡುವಿನ ಸಂದು. ಅಲ್ಲಿ ತುಂಬಿರುವ ಹೀಲಿಯಂಗೆ ಕ್ಸೆನಾನ್ ಬೆರೆತರೆ ಶಾಖ ಸರಿಯಾಗಿ ದಾಟುವುದಿಲ್ಲ, ಪೆಲೆಟ್ ಇನ್ನೂ ಬಿಸಿಯಾಗುತ್ತದೆ, ಅನಿಲ ಇನ್ನೂ ಜಾಸ್ತಿ ಬರುತ್ತದೆ. ಅಂದರೆ ತಾಪಮಾನವನ್ನು 1200 ಅಂತ ಕಟ್ಟಿಹಾಕಿಟ್ಟ ನನ್ನ ಮೊದಲ ಸಾಲೇ ಹೋಗಬೇಕು.