ಸೀಮಂತದ ದಿನ ಕೈಯಿಂದ ಕಿತ್ತುಕೊಂಡ ಕಾಫಿ

"ಮಗು ಕಪ್ಪಾಗುತ್ತೆ ಕಣೇ, ಅಷ್ಟೂ ಗೊತ್ತಾಗಲ್ವಾ?"

ಈ ಮಾತು ವಾರವಿಡೀ ನನ್ನ ತಲೆಯಿಂದ ಹೋಗಿಲ್ಲ. ಭಾನುವಾರ ಚಿಕ್ಕಪ್ಪನ ಮಗಳ ಸೀಮಂತ ಇತ್ತು. ಮೂಡಿಗೆರೆ ಕಡೆಯ ಮನೆ, ಅಂಗಳ ದಾಟಿದರೆ ಕಾಫಿ ತೋಟ. ಬಳೆ ತೊಡಿಸಿ, ಆರತಿ ಎತ್ತಿ ಆಗಿತ್ತು. ನಸುಕಿನಲ್ಲೇ ಎದ್ದಿದ್ದ ಹುಡುಗಿ ಸುಸ್ತಾಗಿದ್ದಳು. ಅರ್ಧ ಲೋಟ ಕಾಫಿ ತಂದುಕೊಟ್ಟೆ. ಅವಳು ತುಟಿಗೆ ಇಡುವ ಮೊದಲೇ ಗಂಡನ ಕಡೆಯ ದೊಡ್ಡಮ್ಮ ಬಂದು ಲೋಟ ಕಿತ್ತುಕೊಂಡರು. ಆಮೇಲೆ ಆ ಮಾತು. ಸುತ್ತ ಇದ್ದವರು ನಕ್ಕರು. ಅವಳೂ ನಕ್ಕಳು, ನಗಲೇಬೇಕಲ್ಲ.

ದೊಡ್ಡಮ್ಮ ಕೆಟ್ಟವರಲ್ಲ. ಊರಿನ ಬಾಣಂತನಗಳಲ್ಲಿ ನಿದ್ದೆಗೆಟ್ಟು ದುಡಿದವರು. ಆದರೆ ಅವರು ಹೆದರಿದ್ದು ಮಗುವಿನ ಬಣ್ಣಕ್ಕೆ, ಆರೋಗ್ಯಕ್ಕಲ್ಲ. ಕಾಫಿ ಬಿಡಿಸಿ ಕೇಸರಿ ಹಾಲು ಕುಡಿಸುವುದೂ ಅದಕ್ಕೇ. ಮಗುವಿನ ಬಣ್ಣ ಬರುವುದು ಅಪ್ಪ ಅಮ್ಮನಿಂದ. ಕಾಫಿ ಅದನ್ನು ಕಪ್ಪು ಮಾಡಲ್ಲ, ಕೇಸರಿ ಬಿಳುಪು ಮಾಡಲ್ಲ. ಇನ್ನೂ ಹುಟ್ಟದ ಕೂಸಿನ ಮೈಬಣ್ಣಕ್ಕೆ ಇಷ್ಟು ಜನ ಹೆದರುತ್ತಾರಲ್ಲ, ಅದು ನನಗೆ ನಿಜಕ್ಕೂ ನೋವು ಕೊಡುತ್ತದೆ. ಕಪ್ಪಾಗಿ ಹುಟ್ಟಿದರೆ ಏನೀಗ?

ಅಲ್ಲೇ ಮೂಲೆಯಲ್ಲಿ ಊರಿನ ಆಶಾ ಕಾರ್ಯಕರ್ತೆ ಕೂತಿದ್ದರು. ಗಲಾಟೆ ತಣ್ಣಗಾದ ಮೇಲೆ ಹತ್ತಿರ ಬಂದು, "ಕಬ್ಬಿಣದ ಮಾತ್ರೆ ಯಾವ ಹೊತ್ತಿಗೆ ತಗೋತೀಯಮ್ಮ?" ಎಂದು ಕೇಳಿದರು. ಇವಳು ಸುಮ್ಮನಾದಳು. ರಾತ್ರಿ ನಾವಿಬ್ಬರೇ ಇದ್ದಾಗ ಬಾಯಿಬಿಟ್ಟಳು. ಬೆಳಗ್ಗೆ ಅತ್ತೆ ಸ್ನಾನಕ್ಕೆ ಹೋದಾಗ ಕದ್ದು ಕಾಫಿ ಕುಡಿಯುತ್ತಾಳಂತೆ. ಮೊದಲ ಡಿಕಾಕ್ಷನ್, ಗಟ್ಟಿಯಾಗಿ. ಅದರ ಜೊತೆಗೇ ಮಾತ್ರೆ ನುಂಗುತ್ತಾಳೆ. ತಾಯಿ ಕಾರ್ಡ್ ನೋಡಿದೆ. ಹಿಮೋಗ್ಲೋಬಿನ್ 9.4. ಬಸುರಿಯರಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತಲೇ ಲೆಕ್ಕ.

ಕಾಫಿ, ಟೀಯಲ್ಲಿರುವ ಒಗರಿನ ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೈಗೆ ಸೇರಲು ಬಿಡುವುದಿಲ್ಲ. ಊಟಕ್ಕೆ, ಮಾತ್ರೆಗೆ ಒಂದು ಗಂಟೆ ಹಿಂದೆ ಮುಂದೆ ಇವೆರಡೂ ಬೇಡ ಅನ್ನುವುದು ಇದಕ್ಕೇ. ಯಾರಾದರೂ ಬಿಡಿಸಿ ಹೇಳಿದ್ದರೆ ಇವಳು ಕೇಳುತ್ತಿದ್ದಳು. ಆದರೆ ಕದ್ದು ಕುಡಿಯುವ ಕಾಫಿ ಬಗ್ಗೆ ಯಾರನ್ನು ಕೇಳುವುದು? ಲೋಟ ಕಿತ್ತುಕೊಂಡವರೇ ಅವಳ ಬಾಯಿಯನ್ನೂ ಮುಚ್ಚಿಸಿದ್ದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ರಕ್ತ ಕಡಿಮೆ. ಇಂಥ ಮನೆಗಳು ಇನ್ನೆಷ್ಟಿವೆಯೋ.

ಹಾಗಂತ ಕಾಫಿ ಎಷ್ಟು ಬೇಕಾದರೂ ಕುಡಿಯಬಹುದು ಅಂತಲ್ಲ. ಬಸುರಿಯ ಮೈ ಕಾಫಿ, ಟೀಯಲ್ಲಿರುವ ಕೆಫೀನನ್ನು ತುಂಬಾ ನಿಧಾನವಾಗಿ ಕರಗಿಸುತ್ತದೆ, ತಿಂಗಳು ತುಂಬಿದಂತೆ ಇನ್ನೂ ನಿಧಾನ. ಅದು ಮಾಸು ದಾಟಿ ಮಗುವಿಗೂ ಹೋಗುತ್ತದೆ. ಮಗುವಿಗೆ ಅದನ್ನು ಕರಗಿಸಿಕೊಳ್ಳಲು ಆಗುವುದಿಲ್ಲ. ಜಾಸ್ತಿಯಾದರೆ ಕಡಿಮೆ ತೂಕದ ಮಗು ಹುಟ್ಟುವ ಭಯ ಇದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ದಾಟುವವರು ಕಡಿಮೆ ಮಾಡಬೇಕು ಅನ್ನುತ್ತದೆ. ಅಮೆರಿಕ, ಬ್ರಿಟನ್ನಿನ ವೈದ್ಯರು ಹೇಳುವ ಮಿತಿ 200. ನಾವು 200 ಅಂತಲೇ ಇಟ್ಟುಕೊಂಡು ಲೆಕ್ಕ ಹಾಕಿದೆವು. 150 ಮಿಲಿ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಟೀಯಲ್ಲಿ 30ರಿಂದ 65 ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಆದರೆ ಅವರ ತೋಟದ ರೊಬಸ್ಟಾ ತಳಿಯಲ್ಲಿ ಅರೇಬಿಕಾ ತಳಿಗಿಂತ ಸುಮಾರು ಎರಡು ಪಟ್ಟು ಇರುತ್ತದೆ. ಕೊನೆಗೆ ದಿನಕ್ಕೆ ಒಂದು ತೆಳು ಕಾಫಿ, ಒಂದು ಟೀ ಅಂತ ಗೊತ್ತು ಮಾಡಿದೆವು. ಮಾತ್ರೆ ರಾತ್ರಿಗೆ, ನಿಂಬೆ ಪಾನಕದ ಜೊತೆ.

ಅವಳ ಅತ್ತೆಗೂ ನಾನೇ ಹೇಳಿದೆ. ರಕ್ತದ ಲೆಕ್ಕ ತೋರಿಸಿದ ಮೇಲೆ ಅವರು ತಕರಾರು ಮಾಡಲಿಲ್ಲ. "ಮೊದಲೇ ಹೇಳಿದ್ರೆ ನಾನೇ ಮಾಡಿ ಕೊಡ್ತಿದ್ನಲ್ಲ" ಅಂದರು. ಅದು ಪ್ರೀತಿಯಿಂದ ಬಂದ ಮಾತು.

ಆದರೆ ಇನ್ನೊಂದು ವಿಷಯ ಹಾಗೇ ಉಳಿದಿದೆ. ಲೋಟ ಕಿತ್ತುಕೊಂಡ ಹೊತ್ತಿನಲ್ಲಿ ಅವಳು ಕೂತ ಕಿಟಕಿಯ ಆಚೆ, ಜಗುಲಿಯಲ್ಲಿ ಗಂಡಸರು ಸಿಗರೇಟು ಸೇದುತ್ತಿದ್ದರು. ಹೊಗೆ ನೇರ ಒಳಗೆ ಬರುತ್ತಿತ್ತು. ಬೇರೆಯವರು ಸೇದಿದ ಹೊಗೆಯೂ ಮಗುವಿನ ತೂಕ ಇಳಿಸುತ್ತದೆ. ದೊಡ್ಡಮ್ಮ ಆ ಕಡೆ ತಿರುಗಿ ಒಂದು ಮಾತೂ ಆಡಲಿಲ್ಲ. ಬೇರೆ ಯಾರೂ ಆಡಲಿಲ್ಲ. ಅವಳ ಮಾವ ದಿನಾ ಸೇದುವುದು ಅಲ್ಲೇ ಅಂತೆ. ಗಂಡನಿಗೆ ಹೇಳಿದ್ದೇನೆ. "ಅಪ್ಪನಿಗೆ ಹೇಗೆ ಹೇಳೋದು ಅಕ್ಕಾ" ಅನ್ನುತ್ತಾನೆ. ಈ ಭಾನುವಾರದವರೆಗೆ ನೋಡಿ, ಅವನು ಹೇಳದಿದ್ದರೆ ನಾನೇ ಫೋನ್ ಮಾಡುತ್ತೇನೆ.