ಎರಡು ವರ್ಷ ಸ್ಪ್ಯಾನಿಷ್ ಸಾಕಾ? ಕನ್ನಡ ಲೆಕ್ಕಕ್ಕೆ ಬರುತ್ತಾ?

ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಫೆಬ್ರವರಿ ಬಂತೆಂದರೆ ಹೈಸ್ಕೂಲಿನಿಂದ ಮುಂದಿನ ವರ್ಷದ ವಿಷಯಗಳನ್ನು ಆರಿಸುವ ಹಾಳೆ ಮನೆಗೆ ಬರುತ್ತದೆ. ಅದೇ ವಾರ ಕನ್ನಡ ಶಾಲೆಯ ಹೊರಗೆ ಮಕ್ಕಳಿಗಾಗಿ ಕಾಯುತ್ತಾ ನಿಂತಾಗ ಯಾರಾದರೂ ಒಬ್ಬರು ಹತ್ತಿರ ಬರುತ್ತಾರೆ. "ಅಕ್ಕಾ, ಮಗಳಿಗೆ ಎರಡು ವರ್ಷ ಸ್ಪ್ಯಾನಿಷ್ ಹಾಕಿಸಿದ್ರೆ ಸಾಕಾ? ಮನೇಲಿ ಕನ್ನಡ ಮಾತಾಡ್ತಾಳೆ, ಅದು ಲೆಕ್ಕಕ್ಕೆ ಬರಲ್ವಾ?"

ನನ್ನ ಇಬ್ಬರು ಮಕ್ಕಳೂ ಇದೇ ದಾರಿಯಲ್ಲಿ ಹೋದವರು. ಮಗನ ವಿಷಯದಲ್ಲಿ ತಪ್ಪು ಮಾಡಿದೆವು. ಮಗಳ ಹೊತ್ತಿಗೆ ಸ್ವಲ್ಪ ಕಲಿತಿದ್ದೆವು.

ಮೊದಲು ಎರಡು ವರ್ಷದ ಮಾತು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಬರ್ಕ್ಲಿ, ಡೇವಿಸ್, ಲಾಸ್ ಏಂಜಲೀಸ್ ಎಲ್ಲ ಸೇರಿದ ಯುಸಿ, ಹೈಸ್ಕೂಲಿನಲ್ಲಿ ಓದಲೇಬೇಕಾದ, ತಲಾ ಒಂದು ವರ್ಷದ 15 ಕೋರ್ಸುಗಳನ್ನು ಹೇಳುತ್ತದೆ. ಅದಕ್ಕೆ ಎ-ಜಿ ಎಂದು ಹೆಸರು. ಅದರಲ್ಲಿ 'ಇ' ಎಂದರೆ ಇಂಗ್ಲಿಷ್ ಅಲ್ಲದ ಭಾಷೆ. ಒಂದೇ ಭಾಷೆ 2 ವರ್ಷ ಕಡ್ಡಾಯ, 3 ವರ್ಷ ಓದಿದರೆ ಒಳ್ಳೆಯದು ಎನ್ನುತ್ತಾರೆ. ಸ್ಯಾನ್ ಹೋಸೆ ಸ್ಟೇಟ್ ತರಹದ ಸಿಎಸ್‌ಯು, ಅಂದರೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಕಾಲೇಜುಗಳಿಗೂ 2 ವರ್ಷ ಬೇಕು. 'ಒಂದೇ ಭಾಷೆ' ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಒಂದು ವರ್ಷ ಸ್ಪ್ಯಾನಿಷ್, ಗೆಳತಿ ಸೇರಿದಳೆಂದು ಮರುವರ್ಷ ಫ್ರೆಂಚ್ ಅಂದರೆ ಎರಡು ವರ್ಷ ಕಳೆದಿರುತ್ತದೆ, ಲೆಕ್ಕ ಮಾತ್ರ ಮುಗಿದಿರುವುದಿಲ್ಲ.

ಇಲ್ಲಿ ತುಂಬಾ ಜನ ಎಡವುವ ಜಾಗ ಇನ್ನೊಂದಿದೆ. ಹೈಸ್ಕೂಲ್ ಪಾಸಾಗಲು ಬೇಕಾದದ್ದೇ ಬೇರೆ, ಕಾಲೇಜು ಸೇರಲು ಬೇಕಾದದ್ದೇ ಬೇರೆ. ಪಾಸಾಗಲು ರಾಜ್ಯದ ಕಾನೂನು ಕೇಳುವುದು ಕಲೆ, ಭಾಷೆ ಅಥವಾ ವೃತ್ತಿ ಶಿಕ್ಷಣ, ಈ ಮೂರರಲ್ಲಿ ಯಾವುದಾದರೂ ಒಂದನ್ನು 1 ವರ್ಷ. ಭಾಷೆಯನ್ನೇ ಮುಟ್ಟದೆಯೂ ಮಗು ಡಿಪ್ಲೊಮಾ ಪಡೆಯಬಹುದು. ಗ್ರೇಡ್ ಕೂಡ ಹಾಗೇ. 'ಡಿ' ಬಂದರೆ ಶಾಲೆಯಲ್ಲಿ ಪಾಸು, ಯುಸಿಗೆ 'ಸಿ' ಅಥವಾ ಅದಕ್ಕಿಂತ ಮೇಲೇ ಬೇಕು. "ಶಾಲೆಯವರು ಎಲ್ಲ ಸರಿಯಿದೆ ಅಂದ್ರು" ಎಂದು ಸುಮ್ನೆ ಕೂತವರಿಗೆ 12ನೇ ತರಗತಿಯಲ್ಲಿ ದಿಗಿಲು ಶುರುವಾಗುವುದು ಇದರಿಂದಲೇ.

ಹಾಗಾದರೆ 2 ಸಾಕಾ? ಅರ್ಜಿ ಹಾಕಲು ಸಾಕು. ಆದರೂ ನಾನು 3 ಅನ್ನುತ್ತೇನೆ, ಮಗುವಿಗೆ ಇಷ್ಟವಿದ್ದರೆ 4. ಸ್ಟ್ಯಾನ್‌ಫರ್ಡ್ 3 ಅಥವಾ ಜಾಸ್ತಿ ವರ್ಷ ಓದಿರಲಿ ಎನ್ನುತ್ತದೆ, ಹಾರ್ವರ್ಡ್ 4 ಎನ್ನುತ್ತದೆ. ಅದಕ್ಕಿಂತ ಮುಖ್ಯವಾದದ್ದು ಸೀಟು ಸಿಕ್ಕ ಮೇಲೆ ಬರುವ ಪ್ರಶ್ನೆ. ಎಷ್ಟೋ ಕಾಲೇಜುಗಳಲ್ಲಿ ಪದವಿ ಪಡೆಯಲು ಮತ್ತೆ ಒಂದು ಭಾಷಾ ನಿಯಮ ಇರುತ್ತದೆ. ಬರ್ಕ್ಲಿಯ ಲೆಟರ್ಸ್ ಅಂಡ್ ಸೈನ್ಸ್ ವಿಭಾಗವನ್ನೇ ನೋಡಿ. ಹೈಸ್ಕೂಲಿನಲ್ಲಿ ಒಂದು ಭಾಷೆಯ ಮೂರನೇ ಮಟ್ಟ, ಅಂದರೆ ಸ್ಪ್ಯಾನಿಷ್ 3 ತರಹದ್ದು, ಸರಿಯಾಗಿ ಮುಗಿಸಿದ್ದರೆ ಅಲ್ಲಿ ಆ ನಿಯಮ ಮುಗಿದಂತೆ.

ನಮ್ಮ ಮಗ ಎಡವಿದ್ದು ಇಲ್ಲೇ. ಎಂಟನೇ ತರಗತಿಯಲ್ಲಿ ಸ್ಪ್ಯಾನಿಷ್ 1, ಒಂಬತ್ತರಲ್ಲಿ ಸ್ಪ್ಯಾನಿಷ್ 2 ಮುಗಿಸಿದ. ಯುಸಿ ಲೆಕ್ಕಕ್ಕೆ ಅಷ್ಟೇ ಸಾಕಾಗಿತ್ತು. ಅಲ್ಲಿ ನೋಡುವುದು ಯಾವ ಮಟ್ಟ ಮುಗಿಸಿದೆ ಅನ್ನುವುದನ್ನು. 'ಹತ್ತರಲ್ಲಿ ಇನ್ನೊಂದು ಕಂಪ್ಯೂಟರ್ ಕ್ಲಾಸ್ ತಗೊಳ್ಳಲಿ' ಎಂದು ನಾವೇ ಸ್ಪ್ಯಾನಿಷ್ ಬಿಡಿಸಿದೆವು. ಅವನು ಸೇರಿದ ಕಾಲೇಜಿನಲ್ಲಿ ಪದವಿಗೆ ಮೂರನೇ ಮಟ್ಟ ಬೇಕಿತ್ತು. ಮೂರು ವರ್ಷ ಬಾಯಿಗೆ ಬಾರದ ಭಾಷೆ ಎಲ್ಲಿ ಉಳಿದಿರುತ್ತದೆ? ಮೊದಲ ವರ್ಷವೇ, ಗಣಿತ, ಕೆಮಿಸ್ಟ್ರಿ ಎಲ್ಲದರ ನಡುವೆ, ಬೆಳಗ್ಗೆ ಎಂಟಕ್ಕೆ ಎದ್ದು ಮತ್ತೆ ಮೊದಲಿನಿಂದ ಕಲಿತ. ರಾತ್ರಿ ಫೋನ್ ಮಾಡಿ, "ಅಮ್ಮ, ಆಗ ಇನ್ನೊಂದೇ ವರ್ಷ ಓದಿದ್ರೆ ಮುಗಿದುಹೋಗ್ತಿತ್ತು" ಅಂದಾಗ ನನಗೆ ನಿಜಕ್ಕೂ ಬೇಜಾರಾಯಿತು. ಅವನದ್ದೇನೂ ತಪ್ಪಿರಲಿಲ್ಲ.

ಯಾವ ಭಾಷೆ ಅನ್ನುವುದಕ್ಕೆ ನನ್ನ ಉತ್ತರ ಚಿಕ್ಕದು. ನಿಮ್ಮ ಶಾಲೆಯಲ್ಲಿ ನಾಲ್ಕನೇ ಮಟ್ಟದವರೆಗೂ ಕಲಿಸುವ ಭಾಷೆ, ಮಗು ಬೇಸರವಿಲ್ಲದೆ ಕಲಿಯುವ ಭಾಷೆ. ಫ್ರೆಂಚ್ ಹೆಚ್ಚು, ಸ್ಪ್ಯಾನಿಷ್ ಕಡಿಮೆ ಅಂತೇನಿಲ್ಲ. ಲ್ಯಾಟಿನ್ ಆಗುತ್ತದೆ, ಅಮೆರಿಕನ್ ಸೈನ್ ಲ್ಯಾಂಗ್ವೇಜ್ ಕೂಡ ಯುಸಿಗೆ ಆಗುತ್ತದೆ. ಟೆಕ್ಸಾಸ್‌ನಲ್ಲಿ ಡಿಪ್ಲೊಮಾಗೆ ಕಂಪ್ಯೂಟರ್ ಪ್ರೋಗ್ರಾಮಿಂಗನ್ನೂ ಭಾಷೆಯ ಜಾಗದಲ್ಲಿ ತೆಗೆದುಕೊಳ್ಳಬಹುದು. ಅಲ್ಲಿಂದ ಇಲ್ಲಿಗೆ ಬರುವವರು ನೆನಪಿಡಿ, ಯುಸಿ ಅದನ್ನು ಭಾಷೆ ಎಂದು ಒಪ್ಪುವುದಿಲ್ಲ.

ಸ್ಪ್ಯಾನಿಷ್ ಬಗ್ಗೆ ಒಂದು ಮಾತು ಹೇಳಲೇಬೇಕು. ಕನ್ನಡ ಬರುವ ಮಕ್ಕಳಿಗೆ ಅದು ಹತ್ತಿರದ್ದು. ಮಗಳು ಅಡುಗೆಮನೆ ಕಟ್ಟೆಯ ಮೇಲೆ ಕೂತು "ಆಬ್ಲೋ, ಆಬ್ಲಾಸ್, ಆಬ್ಲಾ" ಎಂದು ಉರು ಹೊಡೆಯುತ್ತಿದ್ದಳು. ಏನೇ ಅದು ಅಂದೆ. "ಮಾತಾಡ್ತೀನಿ, ಮಾತಾಡ್ತೀಯ, ಮಾತಾಡ್ತಾಳೆ" ಅಂದಳು. ಅಂದವಳು ಅಲ್ಲೇ ನಿಂತಳು. ಯಾರು ಮಾತಾಡುತ್ತಾರೆ ಎಂದು ಎರಡರಲ್ಲೂ ಕ್ರಿಯಾಪದದ ಬಾಲವೇ ಹೇಳುತ್ತದೆ. 'ನಾನು' ಅಂತ ಬೇರೆ ಹೇಳಬೇಕಾಗಿಲ್ಲ. ಆಮೇಲೆ ಒಂದೊಂದೇ ಸಿಕ್ಕಿತು. 'ತೂ' ಅಂದರೆ ನೀನು, 'ಉಸ್ತೆದ್' ಅಂದರೆ ನೀವು. 'ಮೆ ಗುಸ್ತಾ ಎಲ್ ಮಾಂಗೊ' ಅಂದರೆ ನನಗೆ ಮಾವಿನಹಣ್ಣು ಇಷ್ಟ. ಇಂಗ್ಲಿಷ್ ಮಾತ್ರ ಗೊತ್ತಿರುವ ಮಕ್ಕಳು 'ನಾನು ಇಷ್ಟಪಡುತ್ತೇನೆ' ಎಂದು ಶುರುಮಾಡಿ ಅಲ್ಲಿ ಒದ್ದಾಡುತ್ತಾರೆ. ಇವಳಿಗೆ 'ನನಗೆ' ಎಂದು ಶುರುಮಾಡುವುದು ಹುಟ್ಟಿನಿಂದಲೇ ಬಂದಿತ್ತು. ಆ ದಿನದಿಂದ ಅವಳಿಗೆ ಸ್ಪ್ಯಾನಿಷ್ ಕಷ್ಟ ಅನ್ನಿಸಲಿಲ್ಲ.

ಇನ್ನು ಕನ್ನಡ. ಮನೆಯಲ್ಲಿ ಮಾತಾಡುತ್ತಾರೆ ಅನ್ನುವಷ್ಟಕ್ಕೇ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಓದು, ಬರಹ ಬರುತ್ತದೆ ಎಂದು ತೋರಿಸಬೇಕು. ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ, ಅಂದರೆ ಕಾಲೇಜು ಬೋರ್ಡ್ ಸಂಸ್ಥೆಯ ಎಪಿ, ಸ್ಪ್ಯಾನಿಷ್, ಚೈನೀಸ್, ಜಪಾನೀಸ್ ಮುಂತಾದ ಕೆಲವಕ್ಕೆ ಇದೆ, ಕನ್ನಡಕ್ಕಿಲ್ಲ. ಆದರೆ ಸ್ಟ್ಯಾಂಪ್ ಎನ್ನುವ ಪರೀಕ್ಷೆಯಲ್ಲಿ ಕನ್ನಡದಲ್ಲಿ ಬರೆಯುವುದನ್ನೂ ಮಾತಾಡುವುದನ್ನೂ ನೋಡುತ್ತಾರೆ. ಅದರ ಫಲಿತಾಂಶಕ್ಕೆ ಕ್ರೆಡಿಟ್ ಕೊಡಬೇಕೋ ಬೇಡವೋ ಅನ್ನುವುದು ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟಿಗೆ ಬಿಟ್ಟದ್ದು. ಬೇರೆ ದಾರಿ ಇಲ್ಲದ ಭಾಷೆಗೆ ಹೈಸ್ಕೂಲಿನ ಪ್ರಿನ್ಸಿಪಾಲರೇ ಪ್ರಮಾಣಪತ್ರ ಕೊಟ್ಟರೆ ಯುಸಿ ಒಪ್ಪುತ್ತದೆ. ಊರಿನಲ್ಲಿ ಆರನೇ ತರಗತಿ ಮತ್ತು ಮೇಲೆ ಕನಿಷ್ಠ 2 ವರ್ಷ ಕನ್ನಡ ಮಾಧ್ಯಮದಲ್ಲಿ ಓದಿ ಇಲ್ಲಿಗೆ ಬಂದ ಮಕ್ಕಳಿದ್ದರೆ, ಆ ಅಂಕಪಟ್ಟಿ ಬಿಸಾಕಬೇಡಿ. ಅದೂ ಲೆಕ್ಕಕ್ಕೆ ಬರಬಹುದು. ಯಾವ ದಾರಿ ಹಿಡಿದರೂ ಒಂಬತ್ತನೇ ತರಗತಿಯಲ್ಲೇ ಕೌನ್ಸೆಲರ್‌ಗೆ ಇಮೇಲ್ ಮಾಡಿ ಕೇಳಿ. ಬಾಯಿ ಮಾತಿನಲ್ಲಿ ಅಲ್ಲ, ಬರವಣಿಗೆಯಲ್ಲಿ ಉತ್ತರ ಪಡೆಯಿರಿ.

ಕ್ರೆಡಿಟ್ ಸಿಗದಿದ್ದರೂ ಸೀಲ್ ಆಫ್ ಬೈಲಿಟರಸಿ ಇದೆ. ಎರಡು ಭಾಷೆ ಓದಿ ಬರೆಯಬಲ್ಲ ಮಕ್ಕಳ ಡಿಪ್ಲೊಮಾ ಮೇಲೆ ಹಾಕುವ ಮುದ್ರೆ ಅದು. ಅಮೆರಿಕದಲ್ಲಿ ಅದನ್ನು ಮೊದಲು ಕಾನೂನು ಮಾಡಿದ ರಾಜ್ಯ ಕ್ಯಾಲಿಫೋರ್ನಿಯಾ, 2011ರಲ್ಲಿ. ನಮ್ಮ ಮಗಳು ಅದನ್ನು ಕನ್ನಡದಲ್ಲೇ ಪಡೆಯಬೇಕೆಂದು ಹಟ ಹಿಡಿದಳು.

ಓದುವುದು ಬರುತ್ತಿತ್ತು, ಮಾತು ಬರುತ್ತಿತ್ತು. ಪರೀಕ್ಷೆಗೆ ಬೇಕಾಗಿದ್ದ, ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವುದು ಮಾತ್ರ ಬರುತ್ತಿರಲಿಲ್ಲ. ಮೊದಲ ದಿನ 'ಅಕ್ಕ' ಎಂದು ಬರೆಯಹೋಗಿ 'ಅಕಕ' ಆಯಿತು. ಒತ್ತಕ್ಷರಕ್ಕೆ ನಡುವೆ ಇನ್ನೊಂದು ಕೀಲಿ ಒತ್ತಬೇಕು ಅನ್ನುವುದೇ ಗೊತ್ತಿರಲಿಲ್ಲ. ಅಭ್ಯಾಸಕ್ಕೆಂದು ಹಾಸನದಲ್ಲಿರುವ ಅಜ್ಜಿಗೆ ದಿನಕ್ಕೆ ನಾಲ್ಕು ಸಾಲು ವಾಟ್ಸಾಪ್‌ನಲ್ಲಿ ಬರೆಯಲು ಹೇಳಿದೆ. ಅಜ್ಜಿ ತಪ್ಪುಗಳನ್ನು ತಿದ್ದಿ, ಜೊತೆಗೆ ಅಲ್ಲಿ ಮಳೆ ಬಂತೋ ಇಲ್ಲವೋ ಎಂದು ಬರೆದು ಕಳಿಸುತ್ತಿದ್ದರು. ಪರೀಕ್ಷೆ ಮುಗಿದು ಒಂದು ವರ್ಷವಾಯಿತು. ನಿನ್ನೆ ರಾತ್ರಿಯೂ ನಾಲ್ಕು ಸಾಲು ಹೋಗಿದೆ, ಒತ್ತಕ್ಷರ ಎಲ್ಲ ಸರಿ ಇತ್ತು.